ಕೂಡಿದರೂ ಬೆಳೆಯದ ಮೊತ್ತ

ಗಣಿಯ ಲಿಫ್ಟಿನ ಹಗ್ಗ ಹರಿದು ಮೂವರು ಸತ್ತರೆಂಬ ಸುದ್ದಿ ಬೆಳಗಿನ ಹತ್ತೂವರೆಗೆ ಕಂಪನಿಯ ಮುಖ್ಯ ಕಚೇರಿಗೆ ಬಂತು. ಎಲ್ಲರೂ ಫೋನಿನತ್ತ ಓಡಿದರು. ಅವಳೊಬ್ಬಳು ಕುರ್ಚಿಯಿಂದ ಏಳಲಿಲ್ಲ. ಆ ಉಕ್ಕಿನ ಹಗ್ಗ ಎಷ್ಟು ದೂರ ಓಡಿತು, ಯಾವಾಗ ಬದಲಿಸಬೇಕು ಎಂದು ಲೆಕ್ಕ ಇಡುವ ಪ್ರೋಗ್ರಾಮ್ ಬರೆದವಳು ಅವಳೇ.

ಅದಕ್ಕೂ ಮೊದಲು ಆ ಲೆಕ್ಕ ಇಡುತ್ತಿದ್ದವರು ಅವಳ ಸೋದರಮಾವ. ಮೂವತ್ತು ವರ್ಷ ಹಗ್ಗದ ಮೇಸ್ತ್ರಿ. ದಿನಾ ಬೆಳಿಗ್ಗೆ ಕೈಗೆ ಚಿಂದಿಬಟ್ಟೆ ಸುತ್ತಿಕೊಂಡು ಹಗ್ಗ ಸವರುವುದು, ಎಳೆ ತುಂಡಾಗಿ ಚುಚ್ಚಿದಲ್ಲಿ ಬಣ್ಣ ಬಳಿಯುವುದು, ಪುಸ್ತಕದಲ್ಲಿ ಬರೆಯುವುದು. "ಮೇಸ್ತ್ರಿ ಹೆಂಡತಿಯನ್ನೂ ಇಷ್ಟು ನೇವರಿಸಿರಲಿಕ್ಕಿಲ್ಲ" ಎಂದು ಗಡ್ಡದಣ್ಣ ಎಂಬ ಕೆಲಸಗಾರ ನಗಿಸುತ್ತಿದ್ದ. ಪ್ರೋಗ್ರಾಮ್ ಬಂದ ಮೇಲೆ ಪುಸ್ತಕ ಕಪಾಟು ಸೇರಿತು. ಹಸಿರು ದೀಪ ಇರುವತನಕ ಹಗ್ಗ ಸರಿ, ಕೆಂಪಾದರೆ ಬದಲಿಸಿ, ಅಷ್ಟೆ. ಮಾವನನ್ನು ಉಗ್ರಾಣಕ್ಕೆ ಹಾಕಿದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನ ಕೆಲಸ ಕಿತ್ತುಕೊಂಡವಳು ನನ್ನ ಅಕ್ಕನ ಮಗಳೇ ಅಲ್ವಾ" ಎಂದು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗಿದರು.

ಅಪಘಾತಕ್ಕೆ ಎರಡು ವಾರ ಮೊದಲು ಮಾವ ಫೋನ್ ಮಾಡಿದ್ದರು.

"ಪುಟ್ಟಿ, ಸುಮ್ನೆ ಆ ಕಡೆ ಹೋದಾಗ ಹಗ್ಗ ಮುಟ್ಟಿ ನೋಡಿದೆ. ಕೈಗೆ ತುಂಬಾ ಚುಚ್ತು. ದೀಪ ನೋಡಿದ್ರೆ ಹಸಿರು."

"ಅದು ಒಂದೊಂದು ಗೇಣೂ ಬಿಡದೆ ಎಣಿಸುತ್ತೆ ಮಾವ. ತಪ್ಪೋ ಮಾತೇ ಇಲ್ಲ."

"ಹಾಗಂತೀಯಾ? ಸರಿ ಬಿಡು. ನನಗೂ ವಯಸ್ಸಾಯ್ತು, ಕೈಗೂ ವಯಸ್ಸಾಯ್ತು."

ಆ ದಿನ ಅವಳಿಗೆ ಬೇರೆ ಕೆಲಸವಿತ್ತು. ಒಳಗಿನ ಅಂಕಿಯನ್ನು ತೆರೆದು ನೋಡಲಿಲ್ಲ.

ಈಗ ತೆರೆದಳು. ಇಪ್ಪತ್ತು ಲಕ್ಷದ ತೊಂಬತ್ತೇಳು ಸಾವಿರದ ನೂರೈವತ್ತೆರಡು ಮೀಟರ್. ಇಪ್ಪತ್ತೈದು ಲಕ್ಷವಾದರೆ ಕೆಂಪು ದೀಪ ಹತ್ತಬೇಕಿತ್ತು. ನಿನ್ನೆಯ ದಾಖಲೆ ನೋಡಿದಳು, ಅದೇ ಅಂಕಿ. ಹೋದ ತಿಂಗಳದ್ದು, ಅದೇ. ಏಳು ತಿಂಗಳಿಂದ ಲಿಫ್ಟ್ ಹತ್ತಿ ಇಳಿಯುತ್ತಲೇ ಇತ್ತು, ಅಂಕಿ ಮಾತ್ರ ಕಲ್ಲಿನಂತೆ ಕೂತಿತ್ತು.

ಕಾರಣ ಹುಡುಕಲು ಅವಳಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಹಗ್ಗ ಹತ್ತು ಸೆಂಟಿಮೀಟರ್ ಓಡಿದಾಗಲೆಲ್ಲ ಪ್ರೋಗ್ರಾಮ್ ಮೊತ್ತಕ್ಕೆ ಮೀಟರಿನ ಹತ್ತನೇ ಒಂದು ಭಾಗವನ್ನು ಕೂಡುತ್ತಿತ್ತು. ಸೊನ್ನೆ, ಒಂದರಲ್ಲೇ ಎಣಿಸುವ ಯಂತ್ರ ಆ ಭಾಗವನ್ನು ಕರಾರುವಾಕ್ಕಾಗಿ ಬರೆದುಕೊಳ್ಳಲಾರದು. ಹತ್ತಿರದ ಅಂಕಿ ಹಿಡಿದು ಸುಧಾರಿಸುತ್ತದೆ. ಮೇಲಾಗಿ ಅವಳು ಮೊತ್ತಕ್ಕೆ ಕೊಟ್ಟ ಜಾಗ ಚಿಕ್ಕದು. ಮೊತ್ತ ಬೆಳೆದಷ್ಟೂ ಕೊನೆಯ ಸಣ್ಣ ಅಂಕಿಗಳಿಗೆ ಅಲ್ಲಿ ಎಡೆಯಿಲ್ಲ. ಒಂದು ಹಂತ ದಾಟಿದ ಮೇಲೆ ಹತ್ತು ಸೆಂಟಿಮೀಟರ್ ಕೂಡಿದರೂ ಬಂದ ಉತ್ತರ ಮೊದಲಿನದೇ. ದಿನಕ್ಕೆ ಹತ್ತಾರು ಸಾವಿರ ಸಲ ಕೂಡಿತು, ಅಷ್ಟು ಸಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಮೀಟರಿನ ಬದಲು ಎಷ್ಟು ಸಲ ಎಂದು ಪೂರ್ಣಾಂಕದಲ್ಲಿ ಎಣಿಸಿದ್ದರೆ ಮುಗಿದುಹೋಗುತ್ತಿತ್ತು. ಪರೀಕ್ಷೆಯ ದಿನ ಸಾವಿರ ಮೀಟರಿಗೆ ಸುಮಾರು ಹತ್ತು ಸೆಂಟಿಮೀಟರ್ ಕಡಿಮೆ ಬಂದಿತ್ತು. ಇಷ್ಟಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆಂದು ಅವಳೇ ಸಹಿ ಹಾಕಿದ್ದಳು.

ಸತ್ತ ಮೂವರಲ್ಲಿ ಗಡ್ಡದಣ್ಣನೂ ಒಬ್ಬ.

ಅವಳು ಮ್ಯಾನೇಜರರ ಕೋಣೆಗೆ ಹೋದಾಗ ವರದಿಯ ಕರಡು ಆಗಲೇ ಸಿದ್ಧವಾಗಿತ್ತು. 'ಹಗ್ಗದ ಸ್ಥಿತಿ ತಿಳಿದೂ ಮೇಸ್ತ್ರಿ ಲಿಖಿತವಾಗಿ ತಿಳಿಸಿಲ್ಲ' ಎಂದಿತ್ತು.

"ಮೇಸ್ತ್ರಿ ನನಗೆ ತಿಳಿಸಿದ್ರು ಸರ್. ತಪ್ಪು ಪ್ರೋಗ್ರಾಮಿನದು. ಇನ್ನೂ ನಾಲ್ಕು ಗಣಿಯಲ್ಲಿ ಇದೇ ಓಡ್ತಿದೆ. ಈಗಷ್ಟೇ ನೋಡಿದೆ, ಎರಡರಲ್ಲಿ ಇದೇ ಅಂಕಿ ನಿಂತಿದೆ."

ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು. "ನಾಳೆ ಮೀಟಿಂಗಿನಲ್ಲಿ ಮಾತಾಡೋಣ. ಈಗ ಲಿಫ್ಟ್ ನಿಲ್ಸಿದ್ರೆ ನಾವೇ ತಪ್ಪೊಪ್ಪಿಕೊಂಡ ಹಾಗಾಗುತ್ತೆ."

"ಈಗ ಜನ ಕೆಳಗಿದ್ದಾರೆ ಸರ್."

"ನಾಳೆ ಅಂದೆನಲ್ಲ."

ಅವಳು ತನ್ನ ಮೇಜಿಗೆ ಬಂದು ಎರಡೂ ಗಣಿಗಳಿಗೆ ತಾನೇ ಫೋನ್ ಮಾಡಿದಳು. ಮೊದಲನೆಯದು ಆ ದಿನ ರಿಪೇರಿಗೆಂದು ನಿಂತಿತ್ತು. ಎರಡನೆಯದರಲ್ಲಿ ಲಿಫ್ಟ್ ನಡೆಸುವವನು ಫೋನ್ ತೆಗೆದ. ಈಗಲೇ ಲಿಫ್ಟ್ ನಿಲ್ಲಿಸಿ ಎಂದಳು.

"ಯಾರ ಆರ್ಡರ್ ಮೇಡಂ ಇದು?"

"ನನ್ನದು. ಪ್ರೋಗ್ರಾಮ್ ಬರೆದವಳು ನಾನು. ನಿಮ್ಮ ದೀಪ ಸುಳ್ಳು ಹೇಳ್ತಿದೆ."

"ಕೆಳಗೆ ಹನ್ನೊಂದು ಜನ ಇದಾರೆ. ಹೇಗೆ ಹತ್ತಿಸ್ಲಿ?"

"ಏಣಿ ಇದೆಯಲ್ಲ?"

"ನೂರಿಪ್ಪತ್ತು ಮೀಟರ್ ಮೇಡಂ."

"ಏಣಿಯಲ್ಲೇ ಹತ್ತಿಸಿ. ಎಷ್ಟು ಹೊತ್ತಾದ್ರೂ ಆಗ್ಲಿ. ನಾನು ಫೋನ್ ಇಡಲ್ಲ."

ಎರಡೂವರೆ ಗಂಟೆ ಹಿಡಿಯಿತು. ಒಬ್ಬೊಬ್ಬರು ಮೇಲೆ ಬಂದಾಗಲೂ ಅವನು ಅಂಕಿ ಹೇಳುತ್ತಿದ್ದ, ಅವಳು ಕಾಗದದ ಮೇಲೆ ಗೀಟು ಎಳೆಯುತ್ತಿದ್ದಳು. ಆಮೇಲೆ ಆ ಹಗ್ಗ ಬಿಚ್ಚಿದರೆ ಮೂರರಲ್ಲೊಂದು ಎಳೆ ತುಂಡಾಗಿತ್ತು.

ತನಿಖೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು, ಮಾವನ ಫೋನಿನ ಮಾತು ಸೇರಿಸಿ. ಮಾವನ ಮೇಲಿದ್ದ ಆರೋಪ ಬಿದ್ದುಹೋಯಿತು, ಅವಳ ಕೆಲಸವೂ ಹೋಯಿತು. ಎಲ್ಲ ಗಣಿಗಳಲ್ಲೂ ಕೈಯಿಂದ ಹಗ್ಗ ನೋಡುವ ಪದ್ಧತಿ ಮತ್ತೆ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಜನ ಆಡಿಕೊಂಡರು. ಮಾವನನ್ನು ಹಳೇ ಕೆಲಸಕ್ಕೆ ಕರೆದರು. ಅವರು ಹೋಗಲಿಲ್ಲ.

"ನಿನ್ನ ಮೇಲೆ ಸಿಟ್ಟಿಲ್ಲ ಪುಟ್ಟಿ" ಎಂದರು, ಅವಳ ಮುಖ ನೋಡದೆ. "ನನ್ನ ಕೈ ಹೇಳಿತ್ತು. ನಾನೇ ನಂಬ್ಲಿಲ್ಲ. ಇನ್ನು ಯಾವ ಹಗ್ಗ ಮುಟ್ಲಿ?"

ತಿಂಗಳಾದ ಮೇಲೆ ಅವಳು ಗಡ್ಡದಣ್ಣನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು, "ಏನಾಯ್ತು ಅಂತ ಎಲ್ರೂ ಒಂದೊಂದು ಹೇಳ್ತಾರೆ. ನನಗೆ ಅರ್ಥ ಆಗೋ ಹಾಗೆ ನೀನೇ ಹೇಳಮ್ಮ."

ಅವಳು ಹೇಳಿದಳು. ದೊಡ್ಡ ಅಂಕಿ, ಸಣ್ಣ ಅಂಕಿ, ಎಡೆ ಸಾಲದ ಜಾಗ. ಆ ಹೆಂಗಸು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ಅದು ಎಣಿಸೋದು ನಿಲ್ಸಿತ್ತು. ನಿಲ್ಸಿದೀನಿ ಅಂತ ಹೇಳ್ಲಿಲ್ಲ."

"ಹೌದಕ್ಕ."

"ನೀನೂ ಕೇಳ್ಲಿಲ್ಲ."

"ಇಲ್ಲ."

ಆಕೆ ಒಳಗೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಬಾಗಿಲು ಮುಂದಕ್ಕೆಳೆದುಕೊಂಡಳು.