ಗಾಳಿ ಹೊರಬೀಳುವ ದಾರಿ

ಮೂರನೆಯ ಸಲವೂ ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನದ ಎಂಜಿನ್ ಹಾರಾಟದ ನಾಲ್ಕನೇ ನಿಮಿಷಕ್ಕೇ ನಿಂತುಹೋಯಿತು. ಹೇಗೋ ತೇಲಿಸಿ ಹುಲ್ಲಿನ ಮೇಲೆ ಇಳಿಸಿದ ಅವಳು, ಓಡಿಹೋಗಿ ಮೂತಿ ಮುಟ್ಟಿದಾಗ ಬೆರಳು ಚುರ್ ಎಂದಿತು. ದಿನವೆಲ್ಲ ಕಟ್ಟುಹಲ್ಲು ತಯಾರಿಸುವ ಕೆಲಸದವಳು ಅವಳು. ಕೂದಲೆಳೆಯ ವ್ಯತ್ಯಾಸವನ್ನೂ ಸಹಿಸುವವಳಲ್ಲ. ತಪ್ಪು ತನ್ನದಿರಲಾರದು ಎಂದುಕೊಂಡಳು. ಇಂಧನಕ್ಕೆ ಎಣ್ಣೆ ಬೆರೆಸಿಕೊಡುತ್ತಿದ್ದವನು ಅಣ್ಣ. ಎಣ್ಣೆ ಹಾಕುವುದರಲ್ಲಿ ಜಿಪುಣತನ ಮಾಡಿದ್ದೀಯ, ಅದಕ್ಕೇ ಎಂಜಿನ್ ಬೇಯುತ್ತಿದೆ ಎಂದು ಮೈದಾನದಲ್ಲಿ ವಿಮಾನ ಹಾರಿಸಲು ಸೇರಿದ್ದ ಎಲ್ಲರೆದುರೇ ಅಂದುಬಿಟ್ಟಳು. ಅವನು ಇಂಧನದ ಡಬ್ಬ ಎತ್ತಿಕೊಂಡು ಹೊರಟುಹೋದ.

ವಾರವೆಲ್ಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಯ ಇಂಧನ ತಂದಳು, ಪ್ಲಗ್ ಬದಲಿಸಿದಳು, ಎಂಜಿನ್ ಮುಚ್ಚಲು ತಾನೇ ಮಾಡಿದ್ದ ಕವಚದ ಮುಂದಿನ ಬಾಯಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದಳು. ಎಂಜಿನ್ ಮೊದಲಿಗಿಂತ ಬೇಗ ಕಾಯಿತು. ಆ ಕವಚವನ್ನೇ ಕಿತ್ತುಹಾಕಿದರೆ ಮುಗಿಯಿತಲ್ಲ ಎಂದ ಗಂಡ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಅವನ ಮೇಲೆ ಹರಿಹಾಯ್ದಳು.

ಶನಿವಾರ ಮಧ್ಯಾಹ್ನ ಹಿತ್ತಲಲ್ಲಿ ವಿಮಾನವನ್ನು ಮೇಜಿಗೆ ಬಿಗಿದು, ಗಾಳಿ ಹರಿಯುವ ದಿಕ್ಕು ಕಾಣಲೆಂದು ಕವಚದ ಬಾಯಿಗೂ, ಗಾಳಿ ಹೊರಬೀಳಲು ಕೆಳಗೆ ಬಿಟ್ಟಿದ್ದ ಸೀಳಿಗೂ ಉಣ್ಣೆಯ ಎಳೆ ಅಂಟಿಸಿ ಎಂಜಿನ್ ಓಡಿಸಿದಳು. ಮುಂದಿನ ಎಳೆ ಒಳಕ್ಕೆ ಹೋಗದೆ ಬಾಯಲ್ಲೇ ಗಿರಗಿರ ಸುತ್ತಿತು. ಕೆಳಗಿನದು ಜೋತುಬಿದ್ದೇ ಇತ್ತು. ಹೊಕ್ಕ ಗಾಳಿಗೆ ಹೊರಬೀಳಲು ದಾರಿ ಸಾಲದೆ, ಬಿಸಿಯೆಲ್ಲ ಒಳಗೇ ಸುಳಿದಾಡುತ್ತಿತ್ತು. ಕಾರ್ಬುರೇಟರ್ ಆ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತಿತ್ತು. ಅಣ್ಣನ ಎಣ್ಣೆಯದೇನೂ ತಪ್ಪಿರಲಿಲ್ಲ.

ಸೀಳನ್ನು ಮುಂದಿನ ಬಾಯಿಯ ಎರಡರಷ್ಟು ಅಗಲಕ್ಕೆ ಕೊಯ್ದಳು. ಗಾಳಿ ಅಕ್ಕಪಕ್ಕ ಜಾರದೆ ಸಿಲಿಂಡರಿಗೇ ಬಡಿಯುವಂತೆ ತೆಳುತಗಡಿನ ಅಡ್ಡಗೋಡೆ ಕೂರಿಸಿದಳು. ಕಾರ್ಬುರೇಟರಿಗೆ ಹೊರಗಿನ ತಂಪುಗಾಳಿ ಸಿಗಲು ಒಂದು ಕೊಳವೆ ಇಟ್ಟಳು. ಇಷ್ಟಕ್ಕೆ ಎರಡು ಗಂಟೆ ಸಾಕಾಯಿತು. ಅಣ್ಣನ ಮನೆಗೆ ಹೋಗಲು ಮಾತ್ರ ಕಾಲೇಳಲಿಲ್ಲ. ಬೀದಿಯ ತಿರುವಿನಿಂದ ಎರಡು ಸಲ ಹಿಂದಿರುಗಿದಳು.

“ಎಣ್ಣೆ ಸರಿಯಾಗೇ ಇತ್ತು. ತಪ್ಪು ನಂದು,” ಎಂದಳು ಕೊನೆಗೆ, ಅವನ ಹೊಸ್ತಿಲಲ್ಲೇ ನಿಂತು.

“ಅಷ್ಟು ಜನರ ಮುಂದೆ ಅಂದೆಯಲ್ಲ.”

“ನಾಳೆ ಅಷ್ಟೇ ಜನರ ಮುಂದೆ ಹೇಳ್ತೀನಿ.”

ಅವನು ಒಳಗೆ ಹೋಗಿ ಬಾಗಿಲು ಅರ್ಧ ಮುಚ್ಚಿದ.

ಭಾನುವಾರ ಮೈದಾನದಲ್ಲಿ ಅವನು ಬಂದು ಬೇಲಿಯ ಹತ್ತಿರ ನಿಂತ. ಅವಳು ಎಲ್ಲರನ್ನೂ ಕರೆದು ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಯಾರೋ ಕೆಮ್ಮಿದರು. ಆಮೇಲೆ ವಿಮಾನ ಏರಿತು. ಮೂರು ನಿಮಿಷ, ನಾಲ್ಕು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದಳು. ಐದಾಯಿತು, ಏಳಾಯಿತು. ಒಂಬತ್ತನೆಯ ನಿಮಿಷಕ್ಕೆ ಎಂಜಿನ್ ಇನ್ನೂ ಗುಂಯ್‌ಗುಡುತ್ತಿರುವಾಗಲೇ ವಿಮಾನವನ್ನು ಇಳಿಸಿದಳು.

ಅಣ್ಣ ಹತ್ತಿರ ಬಂದು ಕೈ ಚಾಚಿದ. “ಈ ಸಲ ನಾನು ಹಾರಿಸ್ತೀನಿ.”

ರಿಮೋಟನ್ನು ಅವಳು ಇದುವರೆಗೆ ಯಾರ ಕೈಗೂ ಕೊಟ್ಟವಳಲ್ಲ. ಕೊಟ್ಟಳು. ಅವನು ವಿಮಾನವನ್ನು ಮೊದಲ ತಿರುವಿನಲ್ಲೇ ತೀರಾ ವಾಲಿಸಿದ. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.