ಸಲಹೆಗಾರರು ಬಂದ ದಿನ

ಭುವನೇಶ್ವರಿ ವಿಭೂತಿ ಗಟ್ಟಿಯನ್ನು ಕಲ್ಲಿನ ಮೇಲಿಟ್ಟು ಒಡೆದಾಗ ಎದ್ದ ಹುಡಿಯಲ್ಲಿ ಅಜ್ಜಿಯ ವಾಸನೆ ಇತ್ತು. ಸುಟ್ಟ ಸಗಣಿ, ಒಣಗಿದ ಪತ್ರಿ, ಹಳೆಯ ಅರಿವೆ. ಚಿಕ್ಕವಳಿದ್ದಾಗ ರಾತ್ರಿ ಬೆಚ್ಚಿ ಎದ್ದರೆ ಹುನಗುಂದದ ಆ ಮನೆಯಲ್ಲಿ ಅಜ್ಜಿ ದೀಪ ಹಚ್ಚುತ್ತಿರಲಿಲ್ಲ. ಕತ್ತಲೆಯಲ್ಲೇ ಗೋಡೆಯ ಗೂಡಿನೊಳಗೆ ಕೈಯಾಡಿಸಿ, ಹಣೆಗೆ ಮೂರು ಬೆರಳು ಎಳೆದು, "ಅಂಜಬ್ಯಾಡ, ಮಲ್ಕೊ" ಎನ್ನುತ್ತಿದ್ದಳು. ಆ ವಾಸನೆಗೆ ಅಂಜಿಕೆ ಇಳಿಯುತ್ತಿತ್ತು. ಇವತ್ತು ಇಳಿಯಲಿಲ್ಲ.

"ಅಷ್ಟ್ ಸಣ್ಣಗ ಒಡೀಬ್ಯಾಡ ತಂಗಿ," ಎಂದಳು ಎದುರಿಗೆ ಕುಳಿತಿದ್ದ ಗುರುಲಿಂಗವ್ವ. "ಅವ್ನ ಸುತ್ತ ಇಡೂದೈತಿ. ಹಿಟ್ ಮಾಡಿ ರೊಟ್ಟಿ ಬಡ್ಯಾಕಲ್ಲ."

ಗುರುಲಿಂಗವ್ವ ಸತ್ತವರ ಅಕ್ಕ. ಅಳುವುದನ್ನು ನಸುಕಿನಲ್ಲೇ ಮುಗಿಸಿ ಈಗ ಕೆಲಸಕ್ಕೆ ಕುಳಿತಿದ್ದಳು. ಒಳಗೆ ಪಡಸಾಲೆಯಲ್ಲಿ ಸಂಗಯ್ಯ ಸರ್ ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈತುಂಬ ವಿಭೂತಿ, ಕೊರಳಿಗೆ ರುದ್ರಾಕ್ಷಿ. ಕನ್ನಡಕ ತೆಗೆದಿದ್ದರಿಂದ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು. ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದವರು. ನಿನ್ನೆ ಸಂಜೆ ಬಾದಾಮಿಯ ತಮ್ಮ ಈ ಮನೆಗೆ ಬಂದು, ಚಹಾದ ಬಟ್ಟಲು ಕೆಳಗಿಟ್ಟು, ಎದೆಯ ಮೇಲೆ ಕೈಯಿಟ್ಟುಕೊಂಡವರು ಮತ್ತೆ ಏಳಲಿಲ್ಲ.

ಅವರ ವಿಭಾಗದಲ್ಲೇ ಪಾಠ ಮಾಡುವ ಭುವನೇಶ್ವರಿಯ ಮಡಿಲಲ್ಲಿ ಫೋನು ಮಿಣುಕಿತು. ಅವಳು ನೋಡಲಿಲ್ಲ. ಮುಂಜಾನೆ ಬಂದ ಸಂದೇಶ ಅವಳಿಗೆ ಬಾಯಿಪಾಠವಾಗಿತ್ತು. "ನಾವು ಬಾದಾಮಿಯಲ್ಲೇ ಇದ್ದೇವೆ. ಅಂತ್ಯಕ್ರಿಯೆಗೆ ಬರುತ್ತೇವೆ. ನಿಮ್ಮ ಜೊತೆ ಸ್ವಲ್ಪ ಮಾತಾಡುವುದಿದೆ. ಪ್ರವೀಣಕುಮಾರ."

ಇವತ್ತು ಸಲಹಾ ಮಂಡಳಿಯ ಸಭೆ ಇರಬೇಕಾಗಿತ್ತು. ವರ್ಷಕ್ಕೊಮ್ಮೆ ಬೆಂಗಳೂರಿನಿಂದ, ಪುಣೆಯಿಂದ ದೊಡ್ಡ ಕಂಪನಿಗಳ ಕೆಲವರು ಬಂದು, ವಿಭಾಗದಲ್ಲಿ ಏನು ಕಲಿಸಬೇಕು, ಏನು ಬಿಡಬೇಕು ಎಂದು ಹೇಳಿಹೋಗುತ್ತಿದ್ದರು. ಮೇಣಬಸದಿಯ ಗುಹೆಗಳನ್ನು ನೋಡಿದ ಹಾಗೂ ಆಯಿತು ಎಂದು ಬಾದಾಮಿಯಲ್ಲೇ ಇಳಿದುಕೊಳ್ಳುತ್ತಿದ್ದರು. ಅವರು ಹೇಳಿದ್ದು ಸಲಹೆ ಮಾತ್ರ. ಆದರೆ ಪ್ರಿನ್ಸಿಪಾಲರ ಮಟ್ಟಿಗೆ ಅದು ಅಪ್ಪಣೆ. ಈ ಸಲ ಮಂಡಳಿಯ ಪರವಾಗಿ ಬೆಂಗಳೂರಿನ ಪ್ರವೀಣಕುಮಾರ ಕೇಳಲಿರುವುದು ಏನೆಂದು ಭುವನೇಶ್ವರಿಗೆ ಗೊತ್ತಿತ್ತು. ಕೊನೆಯ ವರ್ಷದ ಮಕ್ಕಳು ತಮ್ಮ ಪ್ರಾಜೆಕ್ಟನ್ನು ಪರೀಕ್ಷಕರಿಗೆ ವಿವರಿಸುವಾಗ ಮೊದಲ ಮಾತಿನಿಂದಲೇ ಇಂಗ್ಲಿಷ್ ಆಡಬೇಕು. ಮೊದಲು ತಮ್ಮ ಮಾತಿನಲ್ಲಿ ಹೇಳಿ ಆಮೇಲೆ ಇಂಗ್ಲಿಷಿನಲ್ಲಿ ಹೇಳುವ ಸಂಗಯ್ಯ ಸರ್ ಅವರ ಪದ್ಧತಿ ನಿಲ್ಲಬೇಕು.

ವಿಭಾಗದಲ್ಲಿ ಕಾಯಂ ಇದ್ದ ಇನ್ನೊಬ್ಬರು ಪಿಎಚ್‌ಡಿಗೆ ರಜೆ ಹಾಕಿ ಹೋಗಿದ್ದರು. ಬೆಳಿಗ್ಗೆ ಪ್ರಿನ್ಸಿಪಾಲರು ಫೋನು ಮಾಡಿ, "ಸದ್ಯಕ್ಕೆ ನೀವೇ ಇನ್‌ಚಾರ್ಜ್. ಸೋಮವಾರ ಕೌನ್ಸಿಲ್ ಸಭೆ ಇದೆ, ಅಲ್ಲಿ ಇದು ಪಾಸಾಗಬೇಕು. ಅವರು ಹೇಳಿದ್ದಕ್ಕೆ ಹೂಂ ಅಂದುಬಿಡಿ," ಎಂದಿದ್ದರು. ಅವಳ ನೇಮಕ ವರ್ಷ ವರ್ಷ ಮುಂದುವರಿಯುವಂಥದ್ದು. ಜೂನ್‌ವರೆಗೆ ಇತ್ತು. ಅವಳ ಸಂಬಳದಲ್ಲೇ ಹುನಗುಂದದಲ್ಲಿ ಅವ್ವ ಮತ್ತು ಓದುವ ತಂಗಿ ಉಣ್ಣುತ್ತಿದ್ದರು.

"ಯಾಕ, ಕೈ ನಡಗಾಕತ್ತಾವಲ್ಲ?" ಎಂದಳು ಗುರುಲಿಂಗವ್ವ.

"ಏನಿಲ್ಲ ಬಿಡ್ರಿ ಯವ್ವಾ."

"ಏನಿಲ್ಲಂದ್ರ ಕಲ್ಲಿನ ಮ್ಯಾಲ ಬಡಿ. ಕೈಬಟ್ಟಿನ ಮ್ಯಾಲ ಬಡ್ಕೋಬ್ಯಾಡ."

*

ಹೋದ ವರ್ಷದ ಪರೀಕ್ಷೆ. ಪ್ರವೀಣಕುಮಾರ ಹೊರಗಿನ ಪರೀಕ್ಷಕರಾಗಿ ಕುಳಿತಿದ್ದರು. ಪರದೆಯ ಮುಂದೆ ಕಲಾದಗಿಯ ನರ್ಗೀಸ ನಿಂತಿದ್ದಳು. ಚಿಕ್ಕು ತೋಟದವರು ಹಣ್ಣು ಕಳಿಸುವ ಲಾರಿಗಳನ್ನು ಯಾರಿಗೆ ಯಾವಾಗ ಎಂದು ಹೊಂದಿಸಿಕೊಡುವ ಪ್ರೋಗ್ರಾಮ್ ಬರೆದಿದ್ದಳು. ಪ್ರವೀಣಕುಮಾರ ಇಂಗ್ಲಿಷಿನಲ್ಲಿ, ಮೆಲ್ಲಗೇ, ಒಂದು ಪ್ರಶ್ನೆ ಕೇಳಿದರು. ಹುಡುಗಿ ಬಾಯಿ ತೆರೆದಳು, ಮುಚ್ಚಿದಳು. ಅವಳ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೋಗಿ ಬೆರಳು ಬಿಳಿಚಿಕೊಂಡಿತು. ಭುವನೇಶ್ವರಿ ಹಿಂದಿನ ಬೆಂಚಿನಲ್ಲಿದ್ದಳು.

ಸಂಗಯ್ಯ ಸರ್ ಹುಡುಗಿಯತ್ತ ನೋಡಲೇ ಇಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಳ್ಳುತ್ತ, ಅದರ ಜೊತೆಗೇ ಮಾತಾಡುವವರಂತೆ, "ನರ್ಗೀಸ, ನಿನ್ನ ಪ್ರೋಗ್ರಾಮ್ ಎಲ್ಲಿ ಎಡವ್ತೈತಿ, ಅದನ್ನಷ್ಟ ಹೇಳವ್ವಾ. ಛಲೋ ಇರೂದು ಆಮ್ಯಾಲ," ಎಂದರು.

ಹುಡುಗಿಗೆ ನಗು ಬಂತು. "ಭಾಳ ಕಡೆ ಎಡವ್ತೈತ್ರಿ ಸರ್," ಎಂದಳು. ಒಂದೇ ಲಾರಿಯನ್ನು ಇಬ್ಬರು ತೋಟದವರು ಒಂದೇ ಹೊತ್ತಿಗೆ ಕೇಳಿದರೆ ಏನಾಗುತ್ತದೆ, ಮಳೆ ಬಂದು ಒಬ್ಬ ಬೇಡವೆಂದರೆ ಏನಾಗುತ್ತದೆ ಎಂದು ಶುರು ಮಾಡಿದವಳು ನಿಲ್ಲಲೇ ಇಲ್ಲ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಲ್ಲಿ ಮುರಿದರೂ ಹೇಳಿ ಮುಗಿಸಿದಳು.

ಸಂಜೆಯ ಸಭೆಯಲ್ಲಿ ಪ್ರವೀಣಕುಮಾರ ಕೋಪವಿಲ್ಲದೆ ಹೇಳಿದರು. "ಸರ್, ಬುದ್ಧಿ ಇದೆ ಆ ಹುಡುಗೀಗೆ. ಆದರೆ ನಮ್ಮ ಕಡೆ ಇಂಟರ್‌ವ್ಯೂನಲ್ಲಿ ಯಾರೂ ಅವಳನ್ನ ಹೀಗೆ ಕೇಳಲ್ಲ. ನಿಮ್ಮ ಮಕ್ಕಳು ಬಂದು ಸುಮ್ಮನೆ ನಿಂತು ವಾಪಸ್ ಹೋಗ್ತಾರೆ. ನೋಡೋಕೆ ಸಂಕಟ ಆಗತ್ತೆ. ನಾನು ಅವರ ಒಳ್ಳೇದಕ್ಕೇ ಹೇಳ್ತಿರೋದು."

"ಖರೆ ಐತ್ರಿ," ಎಂದರು ಸಂಗಯ್ಯ ಸರ್. "ಅಲ್ಲಿ ಯಾರೂ ಕೇಳೂದಿಲ್ಲಂತನ ಇಲ್ಲಿ ಕೇಳಬೇಕ್ರಿ. ನಾ ಇರೂತನಕ ಇದು ಹಿಂಗ ಇರ್ಲಿ."

ಅಷ್ಟೇ. ದನಿ ಏರಲಿಲ್ಲ, ಇಳಿಯಲಿಲ್ಲ. ಈ ಮನುಷ್ಯನನ್ನು ಮಾಡುವಾಗ ದೇವರು ಅಂಜಿಕೆ ಹಾಕುವುದನ್ನು ಮರೆತಿದ್ದಾನೆ ಎಂದು ಭುವನೇಶ್ವರಿ ಅಂದುಕೊಂಡಿದ್ದಳು.

*

ಬಿಸಿಲೇರುವ ಹೊತ್ತಿಗೆ ಕಪ್ಪು ಗಾಜಿನ ದೊಡ್ಡ ಕಾರು ಓಣಿಯ ಬಾಯಿಗೆ ಬಂದು ನಿಂತಿತು. ಪ್ರವೀಣಕುಮಾರ ಇಳಿದರು, ಜೊತೆಗೆ ಪುಣೆಯ ಕಂಪನಿಯಲ್ಲಿದ್ದರೂ ಈ ಕಡೆಯವಳೇ ಆದ ಫರಹಾನಾ. ಇಬ್ಬರೂ ಮೆಟ್ಟಿಲ ಬಳಿ ಬೂಟು ಬಿಚ್ಚಿದರು. ಪ್ರವೀಣಕುಮಾರ ಬಿಚ್ಚಿದ ಬೂಟಿನತ್ತಲೂ ಮಾಳಿಗೆಯ ಮೇಲೆ ಸಾಲಾಗಿ ಕುಳಿತ ಮಂಗಗಳತ್ತಲೂ ನೋಡಿದರು.

ಕಾಲೇಜಿನ ಲ್ಯಾಬ್ ಸಹಾಯಕ ಇಮಾಮಸಾಬ ಬಾಗಿಲಲ್ಲಿ ನಿಂತಿದ್ದ. ಕೈಮುಗಿದು, ಬಹಳ ವಿನಯದಿಂದ, "ಬೂಟಿನ ಚಿಂತಿ ಬ್ಯಾಡ್ರಿ ಸರ್, ನಾ ಕಾಯ್ತೇನಿ. ಕನ್ನಡಕ ಅಷ್ಟ ಜ್ವಾಕಿ. ನಮ್ಮೂರ ಮಂಗ್ಯಾಗೋಳು ಯಾರೂ ಕೇಳದಿದ್ರೂ ಮೈಮ್ಯಾಲ ಬಂದು ಸಲಹಾ ಕೊಡ್ತಾವ," ಎಂದ.

ಫರಹಾನಾಳಿಗೆ ಅರ್ಥವಾಯಿತು. ಸಾವಿನ ಮನೆಯಲ್ಲಿ ನಗಬಾರದೆಂದು ತುಟಿ ಕಚ್ಚಿಕೊಂಡು ನೇರ ಒಳಗೆ ಹೋದಳು. ಶೀಲಾ, ಸಂಗಯ್ಯ ಸರ್ ಅವರ ಹೆಂಡತಿ, ಗಂಡನ ಪಕ್ಕ ಕುಳಿತಿದ್ದಳು. ಫರಹಾನಾ ಅವಳ ಬೆನ್ನ ಹಿಂದೆ ಕುಳಿತು, ಕೈಯಲ್ಲಿದ್ದ ಕರವಸ್ತ್ರದಿಂದ ಮೆಲ್ಲಗೆ ಗಾಳಿ ಹಾಕತೊಡಗಿದಳು.

ಪ್ರವೀಣಕುಮಾರ ಹಾರ ಹಾಕಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಭುವನೇಶ್ವರಿಯ ಹತ್ತಿರ ಬಂದರು. "ಆಮೇಲೆ ಮಾತಾಡೋಣ. ಸಂಜೆ ಹುಬ್ಬಳ್ಳೀಲಿ ಫ್ಲೈಟ್ ಇದೆ ನಮಗೆ. ಒಂದು ಮಾತಿನ ಕೆಲಸ ಅಷ್ಟೆ."

"ಹೂಂ ಸರ್," ಎಂದಳು. ಎಂದ ಕೂಡಲೇ ಅದೇ ಒಪ್ಪಿಗೆಯಾಗಿಬಿಟ್ಟಿತೇನೋ ಎನಿಸಿತು. ಭಜನೆಯವರು ತಾಳ ಎತ್ತಿಕೊಂಡರು. ಅವಳು ಗೋಡೆ ಹಿಡಿದು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. 

ಸ್ವಲ್ಪ ಹೊತ್ತಿಗೆ ಗುರುಲಿಂಗವ್ವ ಶೀಲಾಳನ್ನು ಮುಖ ತೊಳೆಸಲು ಅಲ್ಲಿಗೇ ಕರೆತಂದಳು. ಅತ್ತು ಅತ್ತು ಶೀಲಾಳ ಕಣ್ಣು ಬಾತುಕೊಂಡಿದ್ದವು. ನೀರಿನ ತಂಬಿಗೆ ಹಿಡಿದವಳು ಭುವನೇಶ್ವರಿಯ ಮುಖ ನೋಡಿ ತಡೆದು ನಿಂತಳು.

"ಇವತ್ತ ಮೀಟಿಂಗ್ ಇತ್ತಲ್ಲ?" ಎಂದಳು.

"ಅಕ್ಕಾರ, ಅದನ್ನ್ಯಾಕ ಈಗ..."

"ಅವ್ರ ಮುಖಾನೂ ಹಿಂಗ ಆಗ್ತಿತ್ತು. ಸೇಮ್ ಹಿಂಗ. ಗ್ವಾಡಿಗೆ ಸುಣ್ಣಾ ಹೊಡ್ದಂಗ."

ಭುವನೇಶ್ವರಿ ತಲೆಯೆತ್ತಿದಳು. "ಯಾರ ಮುಖ? ಸರ್ ಮುಖಾ?"

"ಅಂಜುಬುರುಕ ಇದ್ದವ," ಎಂದಳು ಗುರುಲಿಂಗವ್ವ. "ಸಾಲಿ ಮಾಸ್ತರ ಬಂದ್ರ ನನ್ನ ಪರಕಾರದ ನಿರಿಗ್ಯಾಗ ಮುಖಾ ಮುಚ್ಕೋತಿದ್ದ. ಇಂಥಾಂವ ಮಾಸ್ತರ ಆಗಿದ್ದು ಒಂದ್ ಆಶ್ಚರ್ಯ."

ಶೀಲಾ ಕಲ್ಲಿನ ಅಂಚಿಗೆ ಕುಳಿತಳು. "ಪ್ರತಿ ವರ್ಷಾ ಈ ಮೀಟಿಂಗ್ ದಿನ ಕಾಲೇಜಿನ ಮೆಟ್ಟಿಲ ಕೆಳಗ ನಿಂತು ನನಗ ಫೋನ್ ಮಾಡ್ತಿದ್ರು. 'ಶೀಲಾ, ನನಗ ಭಾಳ ಹೆದ್ರಿಕಿ ಆಗಾಕತ್ತೈತಿ. ವಾಪಸ್ ಬರ್ಲೇನು?' ಅಂತ. ಸಣ್ಣ ಹುಡುಗ್ರು ಕೇಳಿದಂಗ."

"ನೀವೇನಂತಿದ್ರಿ?"

"'ಬರ್ರಿ' ಅಂತಿದ್ದೆ."

"ಬರ್ರಿ ಅಂತಿದ್ರಿ?"

"ಹೂಂ. ಮೊದಲ್ನೇ ಸಲ 'ಧೈರ್ಯಾ ಮಾಡ್ರಿ' ಅಂದೆ ನೋಡವ್ವಾ, ಮತ್ತಿಷ್ಟು ನಡುಗಿದ್ರು. ಆಮ್ಯಾಲ ತಿಳೀತು. ಬರ್ರಿ ಅಂದ್ರ ಸ್ವಲ್ಪ ಹೊತ್ತು ಸುಮ್ನ ಇದ್ದು, 'ಇರ್ಲಿ, ಆಮ್ಯಾಲ ಬಂದೇನಂತ, ಒಳಗ ಹೋಗಿ ನೋಡ್ತೇನಿ' ಅಂತಿದ್ರು. ಹಿಂದ ಬರಾಕ ಮನಿ ಐತಿ ಅಂತ ಗೊತ್ತಾದ್ರ ಸಾಕಾಗ್ತಿತ್ತು ಅವ್ರಿಗೆ." ಅವಳು ತಂಬಿಗೆಯನ್ನು ಕಲ್ಲಿನ ಮೇಲಿಟ್ಟಳು. "ಒಮ್ಮೀನೂ ವಾಪಸ್ ಬರ್ಲಿಲ್ಲ."

ಗುರುಲಿಂಗವ್ವ ತಂಬಿಗೆಯ ನೀರನ್ನು ಅಂಗೈಗೆ ಸುರಿದು ತಮ್ಮನ ಹೆಂಡತಿಯ ಮುಖ ತೊಳೆದಳು. ಉಳಿದ ನೀರಿನಿಂದ, ಕೇಳದೆಯೇ, ಭುವನೇಶ್ವರಿಯ ಮುಖವನ್ನೂ ಒರೆಸಿದಳು.

*

ಬೆಟ್ಟದ ಬುಡದ ಕೆಂಪು ನೆಲದಲ್ಲಿ ಗುಣಿ ತೋಡಿದ್ದರು. ಸಂಗಯ್ಯ ಸರ್ ಅವರನ್ನು ಕುಳಿತ ಭಂಗಿಯಲ್ಲೇ ಇಳಿಸಿ, ಗುಣಿಯ ಬದಿಗೆ ಕೊರೆದ ಗೂಡಿನೊಳಗೆ ಸರಿಸಿ, ಕೈಯಲ್ಲಿ ಲಿಂಗವಿಟ್ಟು, ಸುತ್ತಲೂ ವಿಭೂತಿ ಗಟ್ಟಿ ಇಟ್ಟರು. ಎಲ್ಲರೂ ಪತ್ರಿ ಹಾಕಿದರು, ಮಣ್ಣು ಹಾಕಿದರು. ಇಮಾಮಸಾಬ ಹಿಡಿ ಮಣ್ಣನ್ನು ಕೈಯಲ್ಲೇ ಬಹಳ ಹೊತ್ತು ಹಿಡಿದಿದ್ದು ಕೊನೆಗೆ ಬಿಟ್ಟ.

ಭುವನೇಶ್ವರಿ ಬೇವಿನ ಗಿಡದ ಕೆಳಗೆ ಸರಿದು ನಿಂತಾಗ ಪ್ರವೀಣಕುಮಾರ ಬಂದರು. ಫರಹಾನಾ ಹಿಂದಿನಿಂದ, "ಪ್ರವೀಣ್, ಇಲ್ಲಿ ಬ್ಯಾಡ್ರಿ, ನಾಳಿ ಫೋನ್ ಮಾಡಿದ್ರಾತು," ಎಂದಳು.

"ಸೋಮವಾರ ಕೌನ್ಸಿಲ್ ಇದೆಯಲ್ಲ ಮೇಡಂ. ಇನ್ನೊಂದು ವರ್ಷ ಹೋಗತ್ತೆ." ಅವರ ಕೈಯಲ್ಲಿ ಫೋನು ಆಗಲೇ ಬೆಳಗುತ್ತಿತ್ತು. "ಪ್ರಿನ್ಸಿಪಾಲರು ಲೈನಲ್ಲಿದ್ದಾರೆ. ವಿಭಾಗಕ್ಕೆ ಒಪ್ಪಿಗೆ ಇದೆ ಅಂತ ನೀವೇ ಹೇಳಿಬಿಡಿ. ಸಾಕು."

ಫೋನು ಅವಳ ಕೈಗೆ ಬಂತು. ಬಿಸಿಯಾಗಿತ್ತು. ಅವಳಿಗೆ ಅವ್ವ ನೆನಪಾದಳು, ತಂಗಿಯ ಫೀಸು, ಜೂನ್.  ಮುಂಜಾನೆಯಿಂದ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯ ಒಂದಿತ್ತು; ಅದು ಎಲ್ಲಿಗೋ ಹೋಗಿಬಿಟ್ಟಿತ್ತು.

"ಸರ್," ಎಂದಳು. ದನಿ ತನ್ನದಲ್ಲವೆನಿಸಿತು. "ಆಗೂದಿಲ್ರಿ ಸರ್."

"ಯಾರು ಮಾತಾಡ್ತಿರೋದು?" ಎಂದರು ಪ್ರಿನ್ಸಿಪಾಲರು.

"ಭುವನೇಶ್ವರಿ, ಸರ್. ಇಂಗ್ಲಿಷ್ ಬ್ಯಾಡ ಅನ್ನೂದಿಲ್ರಿ. ಕಲಸ್ತೇವಿ. ಇನ್ನೂ ಹೆಚ್ಚು ಕಲಸ್ತೇವಿ. ಆದ್ರ ಮೊದಲ ಅವ್ರು ತಮ್ಮ ಮಾತಿನ್ಯಾಗ ಹೇಳ್ಲಿ. ಅದನ್ನ ತೆಗ್ಯಾಕ ನಾ ಒಪ್ಪೂದಿಲ್ರಿ."

 ಆ ಕಡೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಆಮೇಲೆ ಪ್ರಿನ್ಸಿಪಾಲರು, "ನಾಳೆ ಬಂದು ನನ್ನನ್ನ ಕಾಣಿ," ಎಂದರು. ಕರೆ ನಿಂತಿತು.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಮರಳಿ ಕೊಟ್ಟಳು, ಬೀಳದಿರಲಿ ಎಂದು. ಪ್ರವೀಣಕುಮಾರ ಅವಳನ್ನೇ ನೋಡಿದರು. "ನಿಮ್ಮ ಆರ್ಡರ್ ಜೂನ್‌ವರೆಗೆ ಅಲ್ವಾ?" ಎಂದರು. ಅದು ಬೆದರಿಕೆಯೋ, ಮರುಕವೋ ಅವಳಿಗೆ ತಿಳಿಯಲಿಲ್ಲ.

"ಹೌದ್ರಿ."

 ಅವರು ಮಣ್ಣು ಮೆತ್ತಿದ ಬರಿಗಾಲಲ್ಲಿ ದಾರಿಗೆ ಹೊರಟರು.

*

ಮನೆಯಲ್ಲಿ ಜನ ಒಬ್ಬೊಬ್ಬರಾಗಿ ನೀರು ಹೊಯ್ದುಕೊಂಡು, ಯಾರಿಗೂ ಹೇಳದೆ ಹೊರಟುಹೋಗುತ್ತಿದ್ದರು. ಪ್ರವೀಣಕುಮಾರ ಮಾತ್ರ ಶೀಲಾಳ ಮುಂದೆ ನಿಂತು ಕೈಮುಗಿದು, "ಮತ್ತೆ ಬರ್ತೀವಮ್ಮ," ಎಂದರು. ಮೂಲೆಯಲ್ಲಿದ್ದ ಮುದುಕಿಯರು ಹೌಹಾರಿದರು.

"ಬ್ಯಾಡಪಾ," ಎಂದಳು ಗುರುಲಿಂಗವ್ವ. "ಇಂಥದಕ್ಕ ಮತ್ತ ಬರಬ್ಯಾಡ. ಲಗ್ನಕ್ಕ ಬಾ, ಜಾತ್ರಿಗೆ ಬಾ. ಮಣ್ಣ ಕೊಟ್ಟ ಮನಿಯಾಗ ಬರ್ತೇನಿ ಅನಬಾರ್ದು."

ಪ್ರವೀಣಕುಮಾರರ ಮುಖ ಕೆಂಪಾಯಿತು. "ಗೊತ್ತಿರಲಿಲ್ಲ," ಎಂದು ತಡವರಿಸಿ, ಬೂಟಿನಲ್ಲಿ ಕಾಲು ಸರಿಯಾಗಿ ತೂರಿಸದೆಯೇ ಓಣಿಗಿಳಿದರು. ಫರಹಾನಾ ಇನ್ನೂ ಒಳಗೆ ಶೀಲಾಳ ಕೈ ಹಿಡಿದು ಕುಳಿತಿದ್ದಳು. ಅವಳು ಬರುವತನಕ ಅವರು ಕಾರಿನಲ್ಲಿ ಒಬ್ಬರೇ ಕಾಯಬೇಕಾಯಿತು.

ಪಕ್ಕದ ಮನೆಗಳಿಂದ ಬುತ್ತಿ ಬಂದಿತ್ತು. ಗುರುಲಿಂಗವ್ವ ಜೋಳದ ರೊಟ್ಟಿಗಳ ನಡುವೆ ಪುಂಡಿಪಲ್ಯ ಇಟ್ಟು, ಮೇಲೊಂದು ಉಳ್ಳಾಗಡ್ಡಿ ಇಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿ, ಭುವನೇಶ್ವರಿಯ ಮುಂದೆ ಹಿಡಿದಳು.

"ಗಾಡ್ಯಾಗ ಕುಂತಾನಲ್ಲ, ಅವ್ಗ ಕೊಟ್ ಬಾ."

"ನಾನ್ರಿ?" ಭುವನೇಶ್ವರಿ ಹಿಂದೆ ಸರಿದಳು. "ಇಮಾಮಸಾಬಗ ಹೇಳ್ರಿ ಯವ್ವಾ. ನನ್ನ ಕೈಲಿಂದ ತಗೋಳೂದಿಲ್ಲ ಅವ್ರು."

"ತಗೋಳಿಲ್ಲಂದ್ರ ಹೊಳ್ಳಿ ತಗೊಂಡ್ ಬಾ. ಮುಂಜಾನಿಂದ ಒಂದ್ ಹನಿ ನೀರ್ ಕುಡದಿಲ್ಲ ಆ ಮನಷ್ಯಾ. ಗುಣ್ಯಾಗ ಮಣ್ಣ ಹಾಕಿದ ಕೈ, ಬರೇ ಹೊಟ್ಟಿಲೆ ಕಳಸಬಾರ್ದು."

ಓಣಿಯ ಉದ್ದಕ್ಕೂ ಅವಳು ಗಂಟನ್ನು ಎದೆಗವಚಿಕೊಂಡು ನಡೆದಳು. ಎದೆ ಬಡಿಯುವುದು ಅರಿವೆಯ ಮೂಲಕ ರೊಟ್ಟಿಗೂ ತಾಗುತ್ತಿರಬಹುದು ಎನಿಸಿತು. ಕಾರಿನ ಕಪ್ಪು ಗಾಜಿನಲ್ಲಿ ಒಳಗಿನವರು ಕಾಣಲಿಲ್ಲ. ವಿಭೂತಿ ಹುಡಿ ಹತ್ತಿದ ತನ್ನದೇ ಮುಖ ಕಂಡಿತು. ಬಡಿಯಲು ಎತ್ತಿದ ಬೆರಳು ಗಾಜಿನ ಹತ್ತಿರ ಹೋಗಿ ನಿಂತಿತು. ಅಷ್ಟರಲ್ಲಿ ಗಾಜು ತಾನೇ ಇಳಿಯತೊಡಗಿತು.

 ಅವಳು ಗಂಟನ್ನು ಒಳಗೆ ಚಾಚಿದಳು. ಗಳಿಗೆಯಷ್ಟು ಹೊತ್ತು ಅದು ಹಾಗೇ ಅವಳ ಕೈಯಲ್ಲೇ ಇತ್ತು. ಆಮೇಲೆ ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣಿದ್ದ ಎರಡು ಕೈಗಳು ಬಂದು, ಬಿಸಿ ರೊಟ್ಟಿಯ ಗಂಟನ್ನು ಅಡಿಯಿಂದ ಹಿಡಿದುಕೊಂಡವು.