ಪಂಪ್‌ಹೌಸಿನ ಏಳು ಸಾಲು

ಸಹಿ ಹಾಕಲು ಅಕ್ಕ ಒಂದು ದಿನದ ಸಮಯ ಕೇಳಿದ್ದಳು. ಇಪ್ಪತ್ತೊಂಬತ್ತು ವರ್ಷ ಊರಿಗೆ ನೀರು ಬಿಟ್ಟ ಪ್ರೋಗ್ರಾಮನ್ನು ತೆಗೆದುಹಾಕುವ ಕಾಗದ ಅದು. ಬರೆದವಳು ಅವಳೇ, ಅದೂ ತಾನೇ ಕಟ್ಟಿದ ಕಂಪ್ಯೂಟರ್ ಭಾಷೆಯಲ್ಲಿ. ಆ ಭಾಷೆ ಈಗ ಬದುಕಿದ್ದದ್ದು ಈ ಪಂಪ್‌ಹೌಸಿನ ಒಂದೇ ಒಂದು ಕಂಪ್ಯೂಟರಿನಲ್ಲಿ. ಇದೂ ಹೋದರೆ ಜೀವಮಾನದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ ಸರಿ. ಹೊಸದನ್ನು ಬರೆಯಲು ಬಂದವನಾದರೂ ಯಾರು? ಒಡಹುಟ್ಟಿದ ತಮ್ಮ.

ಆ ಭಾಷೆಯನ್ನು ಶುರುಮಾಡಿದ್ದು ಇಬ್ಬರೂ ಸೇರಿಯೇ. ಒಂದೇ ಮೇಜು, ಆಚೆಗೊಬ್ಬರು ಈಚೆಗೊಬ್ಬರು. ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಕಿಟಕಿಗೆ ಹಳೇ ಬೆಡ್‌ಶೀಟು. ದಿನಾ ಜಗಳ. ‘ತೊಟ್ಟಿ ತುಂಬಿದರೆ ಪಂಪು ನಿಲ್ಲಿಸು’ ಎಂದು ಇಷ್ಟುದ್ದ ಯಾಕೆ, ಎರಡಕ್ಷರ ಒಂದು ಆವರಣ ಚಿಹ್ನೆ ಸಾಲದೇ ಎಂದು ಅವನು. ಪೂರ್ತಿ ಮಾತೇ ಇರಬೇಕು, ಒಂದೊಂದು ಭಾಗ ಮುಗಿದಾಗಲೂ ‘ಇಷ್ಟೇ’ ಎಂದು ಬರೆಯಲೇಬೇಕು ಎಂದು ಇವಳು.

“ನಿಂದು ಭಾಷೆಯಲ್ಲ ಅಕ್ಕ, ಪುರಾಣ,” ಎನ್ನುತ್ತಿದ್ದ.

“ಬರೆಯೋದು ಒಂದು ಸಲ ಕಣೋ, ಓದೋದು ನೂರು ಸಲ.”

ಕೊನೆಗೆ ಅವನು ತನ್ನ ದಾರಿ ಹಿಡಿದು, ಬರೇ ಚಿಹ್ನೆಗಳದೇ ಇನ್ನೊಂದು ಭಾಷೆ ಮಾಡಿದ. ಬೇರೆ ಭಾಷೆಗಳಲ್ಲಿ ಜನ ಅದಾಗಲೇ ಕಂಡ ಚಿಹ್ನೆಗಳು, ಪರಿಚಯದ ಮುಖಗಳು. ಬೆರಳಿಗೂ ಕೆಲಸ ಕಮ್ಮಿ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಅಕ್ಕನ ಭಾಷೆಯನ್ನು ನೋಡಲು ಬಂದವರು ಎಷ್ಟು ಚೆನ್ನಾಗಿದೆಯಪ್ಪಾ ಎಂದು ಹೊಗಳುತ್ತಿದ್ದರು, ಹೊಗಳಿ ಎದ್ದು ಹೋಗುತ್ತಿದ್ದರು. ಹೊಗಳಿಕೆಯಿಂದ ಹೊಟ್ಟೆ ತುಂಬುತ್ತದೆಯೇ? ಅವಳಿಗೆ ಹೊಟ್ಟೆ ಉರಿದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಮೇಜು, ಆ ಬೆಡ್‌ಶೀಟು, ಆ ಜಗಳ.

ಈಗ ಪಂಪ್‌ಹೌಸಿನಲ್ಲಿ ಅವಳು ಪಕ್ಕಕ್ಕೆ ನಿಂತಿದ್ದಳು. ಕುರ್ಚಿಯಲ್ಲಿ ಕೂತ ತಮ್ಮ ಹಳೆಯ ಪ್ರೋಗ್ರಾಮನ್ನು ಓದುತ್ತ ಹೋದ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಪಂಪು ನೋಡಿಕೊಳ್ಳುತ್ತಿದ್ದ ಆಪರೇಟರು ಕೈಗೆ ಮೆತ್ತಿದ ಗ್ರೀಸು ಒರೆಸಿಕೊಳ್ಳುತ್ತ ಬಾಗಿಲಲ್ಲಿದ್ದರು. ನಡುವೆ ಒಂದು ಕಡೆ ತಮ್ಮನ ಕಣ್ಣು ನಿಂತಿತು, ಗಟ್ಟಿಯಾಗಿ ಓದಿದ. ‘ಬೆಳಗ್ಗೆ ಆರರಿಂದ ಎಂಟರ ಒಳಗೆ ಆಸ್ಪತ್ರೆಯ ತೊಟ್ಟಿ ಅರ್ಧಕ್ಕಿಂತ ಇಳಿದರೆ ಉಳಿದ ಕೊಳವೆಗಳನ್ನೆಲ್ಲ ಮುಚ್ಚು, ಮೊದಲು ಅಲ್ಲಿಗೆ ಬಿಡು, ಇಷ್ಟೇ.’ ಒಟ್ಟು ಏಳು ಸಾಲು. ಇದನ್ನು ಯಾವಾಗ ಸೇರಿಸಿದೆ ಎಂದು ಅಕ್ಕನನ್ನು ಕೇಳಿದ.

ಅಕ್ಕ ಸೇರಿಸಿರಲಿಲ್ಲ. ಅವಳ ಕಾಲದಲ್ಲಿ ಆ ಆಸ್ಪತ್ರೆಯೇ ಇರಲಿಲ್ಲ.

ಆಪರೇಟರ ಮುಖ ಸಣ್ಣಗಾಯಿತು. “ನಾನೇ ಮೇಡಂ. ಯಾರೂ ಕಲಿಸಿದ್ದಲ್ಲ. ಸುಮ್ನೆ ಕೂತಾಗ ಓದ್ತಿದ್ದೆ, ಓದ್ತಾ ಓದ್ತಾ ಅರ್ಥ ಆಯ್ತು. ಆಸ್ಪತ್ರೆಯವರು ನೀರಿಲ್ಲ ಅಂತ ಒದ್ದಾಡ್ತಿದ್ರು, ಬರೆದುಬಿಟ್ಟೆ. ತಪ್ಪಾಯ್ತಾ?”

ಅಕ್ಕ ತಪ್ಪಲ್ಲ ಎಂದು ತಲೆ ಆಡಿಸಿದಳು. ಇಷ್ಟು ವರ್ಷ ತನ್ನ ಭಾಷೆಗೆ ಯಾರೂ ಇಲ್ಲ ಎಂದು ಕೊರಗಿದ್ದಳಲ್ಲ, ಒಬ್ಬರಿದ್ದರು. ಅಷ್ಟು ಸಾಕಾಗಿತ್ತು ಅವಳಿಗೆ. ಚೀಲದಿಂದ ಕಾಗದ ತೆಗೆದಳು, ಪೆನ್ನಿನ ಮುಚ್ಚಳವನ್ನೂ ತೆಗೆದಳು.

ಆಪರೇಟರು ತಮ್ಮನ ಕಡೆ ತಿರುಗಿ, “ಹೊಸದನ್ನೂ ನಾನು ಓದಬಹುದಾ ಸಾರ್?” ಎಂದರು.

ತಮ್ಮ ಮೇಜಿನ ಮೇಲೆ ಹರಡಿದ್ದ ತನ್ನ ಹಾಳೆಗಳನ್ನು ನೋಡಿದ. ಹಾಳೆ ತುಂಬ ಚಿಹ್ನೆ. ಹೋದ ತಿಂಗಳು ತನ್ನದೇ ಹಳೇ ಪ್ರೋಗ್ರಾಮೊಂದನ್ನು ಬಿಚ್ಚಿ, ತಲೆಬುಡ ಗೊತ್ತಾಗದೆ ಮುಚ್ಚಿಟ್ಟಿದ್ದನಂತೆ; ಅದನ್ನು ಈಗ ಮೆಲ್ಲಗೆ ಒಪ್ಪಿಕೊಂಡ. ಆಮೇಲೆ ಅಕ್ಕನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿದ. ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು ಎಳೆದು ತಂದು ಮೇಜಿನ ಆಚೆ ಬದಿಗೆ ಇಟ್ಟ.

“ಕೂತ್ಕೋ ಅಕ್ಕ,” ಎಂದ. “ಇವರು ಓದೋ ಹಾಗೆ ಹೇಗೆ ಬರೀಬೇಕು, ಹೇಳು.”